ಎಸ್.ಪಿ. ರೋಡಿನಲ್ಲಿ ಸಿಗದ ಸಾಮಾನು

ಬೆಂಗಳೂರಿನ ಪುರಭವನದಿಂದ ಕೂಗಳತೆಯ ದೂರ. ಜೆ.ಸಿ. ರಸ್ತೆಯ ಬಸ್ಸು, ಆಟೋ, ಲಗೇಜು ಗಾಡಿಗಳ ಸದ್ದಿನಿಂದ ತಪ್ಪಿಸಿಕೊಳ್ಳಲೆಂದು ಈ ರಸ್ತೆಗೆ ನುಗ್ಗಿದವರಿಗೆ ಅದಕ್ಕಿಂತ ದೊಡ್ಡ ಸದ್ದು ಕಾದಿರುತ್ತದೆ. ‘ಏನ್ ಬೇಕು ಸಾರ್? ಲ್ಯಾಪ್‌ಟಾಪಾ? ಕ್ಯಾಮೆರಾನಾ? ಪ್ರೊಜೆಕ್ಟರಾ?’ ಎಂದು ಅಂಗಡಿಯ ಹುಡುಗರು ದಾರಿಗೇ ಬಂದು ಎದುರುಗೊಳ್ಳುತ್ತಾರೆ. ತಲೆಯ ಮೇಲೆ ತಂತಿಗಳ ಜೊಂಪೆ, ಕಾಲ ಕೆಳಗೆ ಒಡೆದ ಥರ್ಮೋಕೋಲು, ಎದುರಿಗೆ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ‘ಸೈಡು, ಸೈಡು’ ಎನ್ನುತ್ತ ಬರುವ ಹಮಾಲಿಗಳು. ಇದು ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಗಳಿಗೆ ಯೋಚಿಸುತ್ತಾರೆ. ಎಸ್.ಪಿ. ರೋಡ್ ಎಂದರೆ ಸಾಕು, ದೂರದ ಊರುಗಳ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೂ ಗೊತ್ತು.

ಹತ್ತಡಿ ಅಗಲವೂ ಇಲ್ಲದ ಅಂಗಡಿಗಳು. ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಾಸಿವೆ, ಜೀರಿಗೆಯ ಹಾಗೆ ವಿಂಗಡಿಸಿಟ್ಟ ರೆಸಿಸ್ಟರು, ಕೆಪ್ಯಾಸಿಟರುಗಳು. ಹೊರಗೆ ತೋರಣ ಕಟ್ಟಿದಂತೆ ಇಳಿಬಿಟ್ಟ ಕೇಬಲ್ಲುಗಳು. ಪಕ್ಕದ ಮೆಟ್ಟಿಲು ಹತ್ತಿ ಮಹಡಿಗೆ ಹೋದರೆ ಆಂಪ್ಲಿಫೈಯರು, ಮಿಕ್ಸರು, ಗೋಡೆಗೆ ಹಾಕುವ ಸ್ಪೀಕರು, ಛಾವಣಿಗೆ ಹಾಕುವ ಸ್ಪೀಕರು, ಪ್ರೊಜೆಕ್ಟರು, ಅದನ್ನು ನೇತುಹಾಕುವ ಕಬ್ಬಿಣದ ಚೌಕಟ್ಟು, ಸುತ್ತಿಡುವ ಪರದೆ. ಮದರಾಸಿಗೆ ರಿಚ್ಚಿ ಸ್ಟ್ರೀಟ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ದೆಹಲಿಗೆ ನೆಹರೂ ಪ್ಲೇಸ್ ಹೇಗೋ ಬೆಂಗಳೂರಿಗೆ ಇದು ಹಾಗೆ. 2017ರಲ್ಲಿ ಚಿಕ್ಕಪೇಟೆ ಮೆಟ್ರೊ ನಿಲ್ದಾಣ ಬಾಗಿಲು ತೆರೆದ ಮೇಲೆ ಬರುವವರ ಕಾಲುನೋವು ಸ್ವಲ್ಪ ತಗ್ಗಿದೆ. ಮನೆ ಬಾಗಿಲಿಗೇ ಸಾಮಾನು ತಲುಪಿಸುವ ಆನ್‌ಲೈನ್ ವ್ಯಾಪಾರ ಬಂದ ಮೇಲೂ ಜನ ಇಲ್ಲಿಗೆ ಬರುವುದನ್ನು ಬಿಟ್ಟಿಲ್ಲ. ಕೈಯಲ್ಲಿ ಹಿಡಿದು ನೋಡುವ, ಬೆಲೆ ಚೌಕಾಸಿ ಮಾಡುವ, ‘ಇದಕ್ಕೆ ಅದು ಹೊಂದುತ್ತಾ?’ ಎಂದು ಕೇಳುವ ಸುಖ ಬೇರೆ ಕಡೆ ಎಲ್ಲಿದೆ?

ಆದರೆ ಇಷ್ಟೆಲ್ಲ ಸಿಗುವ ರಸ್ತೆಯಲ್ಲಿ ಒಂದು ಸಾಮಾನು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಕೊಂಡದ್ದನ್ನೆಲ್ಲ ಒಯ್ದು, ಗೋಡೆ ಕೊರೆದು, ತಂತಿ ಎಳೆದು, ಜೋಡಿಸಿ, ಕಿವಿಗೆ ಹಿತವಾಗಿ ಕೇಳುವಂತೆ, ಕಣ್ಣಿಗೆ ನೇರವಾಗಿ ಕಾಣುವಂತೆ ಮಾಡಿಕೊಡುವ ಕೈ. ಅದನ್ನು ಹುಡುಕಿಕೊಂಡು ಬರುವವರ ಪಾಡು ಯಂತ್ರ ಹುಡುಕಿಕೊಂಡು ಬರುವವರಿಗಿಂತ ಹೆಚ್ಚಿನದು.

ಹಿಂದಿನವರಿಗೆ ಈ ತೊಂದರೆ ಇರಲಿಲ್ಲವೇನೋ ಎಂದು ಈ ಓಣಿಗಳಲ್ಲಿ ಸುತ್ತುವವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಈ ಪೇಟೆಯಲ್ಲಿ ಓಣಿಯ ಹೆಸರೇ ಕಸುಬಿನ ವಿಳಾಸ. ಮಡಕೆ ಬೇಕಾದವರು ಕುಂಬಾರಪೇಟೆಗೆ, ಎಣ್ಣೆ ಬೇಕಾದವರು ಗಾಣಿಗರಪೇಟೆಗೆ, ಬಳೆ ಬೇಕಾದವರು ಬಳೇಪೇಟೆಗೆ, ಹತ್ತಿ ಬೇಕಾದವರು ಅರಳೇಪೇಟೆಗೆ ಹೋದರಾಯಿತು. ಸಾಮಾನೂ ಅಲ್ಲೇ, ಮಾಡುವವನೂ ಅಲ್ಲೇ. ಗಾಣ ಸರಿಯಾಗಿ ತಿರುಗದಿದ್ದರೆ ಯಾರನ್ನು ಕೇಳಬೇಕೆಂಬುದು ಇಡೀ ಊರಿಗೆ ಗೊತ್ತಿತ್ತು. ಈಗ ಕುಂಬಾರಪೇಟೆಯಲ್ಲಿ ಚಕ್ರ ತಿರುಗುವುದಿಲ್ಲ. ಎಸ್.ಪಿ. ರೋಡಿನಲ್ಲಿ ಸಾಮಾನು ಮಾರುವವರೇ ಬೇರೆ, ಅದನ್ನು ತಯಾರಿಸಿದವರು ಎಲ್ಲೋ ಕಡಲಾಚೆ, ಕೂರಿಸುವವರು ಇನ್ನೆಲ್ಲೋ. ಮೂವರಿಗೂ ಪರಸ್ಪರ ಮುಖಪರಿಚಯವಿಲ್ಲ.

ಹುಡುಕಿ ಬರುವವರು

ಮೇ ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮುಂಚೆ, ಈ ರಸ್ತೆಯಲ್ಲಿ ಮೇಷ್ಟ್ರುಗಳನ್ನು ಗುರುತಿಸುವುದು ಕಷ್ಟವಲ್ಲ. ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಒಂದು ಪಟ್ಟಿ, ಜೊತೆಗೆ ಹಳೆಯ ವಿದ್ಯಾರ್ಥಿ ಸಂಘದ ಒಬ್ಬ ಯುವಕ. ಊರಿನಿಂದ ಹೊರಗೆ ಹೋಗಿ ನೆಲೆಯಾದವರು ತಲೆಗಿಷ್ಟೆಂದು ಹಾಕಿ ಕೊಟ್ಟ ಹಣದಲ್ಲಿ ಶಾಲೆಗೆ ‘ಸ್ಮಾರ್ಟ್ ಕ್ಲಾಸ್’ ಆಗಬೇಕು. ಕಲ್ಯಾಣ ಮಂಟಪದ ಮಾಲೀಕರು, ದೇವಸ್ಥಾನದ ಧರ್ಮದರ್ಶಿಗಳು, ಸಹಕಾರ ಸಂಘದ ಕಾರ್ಯದರ್ಶಿಗಳು ಬರುವುದೂ ಇಂಥ ಕೆಲಸಕ್ಕೇ. 2020ರ ಕೊರೊನಾ ದಿನಗಳ ನಂತರವಂತೂ ಕಚೇರಿಯ ಸಭಾಕೊಠಡಿ ಎಂದರೆ ಕ್ಯಾಮೆರಾ, ಮೈಕು, ಗೋಡೆಯಗಲ ಪರದೆ ಇರಲೇಬೇಕೆನ್ನುವಂತಾಗಿದೆ.

ಪಟ್ಟಿಯಲ್ಲಿರುವುದನ್ನೆಲ್ಲ ಕೊಂಡು, ಬಿಲ್ಲು ಬರೆಸಿ, ಕೊನೆಗೆ ಕೇಳುವ ಪ್ರಶ್ನೆ: ‘ಇದನ್ನ ಹಾಕಿಕೊಡೋಕೆ ಯಾರಾದ್ರೂ ಇದಾರಾ?’

ಅಂಗಡಿಯವರು ಇಲ್ಲ ಎನ್ನುವುದುಂಟೆ? ‘ನಮ್ಮ ಹುಡುಗ ಇದಾನೆ ಸಾರ್, ನಂಬರ್ ಬರ್ಕೊಳ್ಳಿ’ ಎನ್ನುತ್ತಾರೆ. ‘ನಮ್ಮ ಹುಡುಗ’ ಎಂಬ ಈ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಹುಡುಗ ಅಂಗಡಿಯ ಸಂಬಳದವನಲ್ಲ. ಕೆಲಸ ಕೆಟ್ಟರೆ ಅಂಗಡಿಗೆ ಹೊಣೆಯಿಲ್ಲ. ನಿನ್ನೆ ಡಿಶ್ ಆಂಟೆನಾ ಕೂರಿಸಿದವನು, ಇವತ್ತು ಬೆಳಿಗ್ಗೆ ಯಾರದೋ ಮನೆಗೆ ಸಿಸಿಟಿವಿ ಹಾಕಿದವನು, ನಾಳೆ ಪ್ರೊಜೆಕ್ಟರಿಗೂ ಸಿದ್ಧ. ಅವರಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುವವರಿದ್ದಾರೆ. ಡ್ರಿಲ್ಲಿಂಗ್ ಮಿಷನ್ ಕೊಂಡದ್ದೇ ಅರ್ಹತೆ ಎಂದುಕೊಂಡವರೂ ಇದ್ದಾರೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ. ಇಬ್ಬರ ಹೆಗಲಲ್ಲೂ ಅದೇ ಚೀಲ, ಬೈಕಿನ ಹಿಂದೆ ಅದೇ ಏಣಿ.

ಗುಂಯ್ ಎನ್ನುವ ಸದ್ದು

ಕೆಟ್ಟ ಕೆಲಸ ಮೊದಲ ದಿನವೇ ಗೊತ್ತಾಗುವುದಿಲ್ಲ ಎಂಬುದೇ ಇದರ ಕಷ್ಟ. ಉದ್ಘಾಟನೆಯ ದಿನ ಶಾಸಕರು ಗುಂಡಿ ಒತ್ತುತ್ತಾರೆ, ಪರದೆಯ ಮೇಲೆ ಭೂಮಿ ತಿರುಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಎರಡು ತಿಂಗಳಲ್ಲಿ ಒಂದೊಂದಾಗಿ ಬಯಲಿಗೆ ಬರುತ್ತವೆ.

ಮೊದಲನೆಯದು ಸ್ಪೀಕರಿನ ಗುಂಯ್ ಸದ್ದು. ಮೇಷ್ಟ್ರು ಮಾತಾಡದಿದ್ದರೂ ಕೋಣೆಯಲ್ಲಿ ದುಂಬಿ ಸೇರಿಕೊಂಡಂತೆ ಒಂದೇ ಸಮ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿದು ಒಂದೊಂದು ಆವರ್ತ ಮುಗಿಸುತ್ತದೆಯಷ್ಟೆ. ಆ ಐವತ್ತರ ಮಿಡಿತವೇ ಮೈಕಿನ ತಂತಿಯೊಳಗೆ ಕಳ್ಳದಾರಿಯಲ್ಲಿ ನುಸುಳಿ ಹೀಗೆ ಕೇಳಿಸುತ್ತದೆ. ಕಾರಣ ಹುಡುಕಿದರೆ ಹೆಚ್ಚಾಗಿ ಎರಡರಲ್ಲಿ ಒಂದು. ಕೊಳವೆ ಉಳಿಸಲೆಂದು ವಿದ್ಯುತ್ ತಂತಿಯನ್ನೂ ಮೈಕಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದಿರುತ್ತಾರೆ. ಇಲ್ಲವೆ ಆಂಪ್ಲಿಫೈಯರಿಗೆ ಒಂದು ಕಡೆಯ ಅರ್ತಿಂಗು, ಕೋಣೆಯ ಆ ತುದಿಯ ಕಂಪ್ಯೂಟರಿಗೆ ಇನ್ನೊಂದು ಕಡೆಯ ಅರ್ತಿಂಗು ಕೊಟ್ಟಿರುತ್ತಾರೆ. ಎರಡರ ನಡುವೆ ಒಂದು ಬಳಸುದಾರಿ ಏರ್ಪಟ್ಟು ಸದ್ದು ಅಲ್ಲೇ ಸುತ್ತುತ್ತಿರುತ್ತದೆ. ಅರೆಬರೆ ತಿಳಿದವನು ಇದಕ್ಕೆ ಮಾಡುವ ಚಿಕಿತ್ಸೆ ಭಯಂಕರ. ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ತಿಂಗಿನ ಪಿನ್ನನ್ನು, ಬಿಚ್ಚಿ ಎಸೆಯುತ್ತಾನೆ. ಸದ್ದು ನಿಲ್ಲುತ್ತದೆ, ಎಲ್ಲರಿಗೂ ಸಂತೋಷ. ಆದರೆ ಯಂತ್ರದೊಳಗೆ ಯಾವತ್ತಾದರೂ ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿದರೆ, ಆ ವಿದ್ಯುತ್ತಿಗೆ ನೆಲಕ್ಕೆ ಹೋಗುವ ದಾರಿ ಮೈಕು ಹಿಡಿದವರ ಮೈಯೇ. ಪ್ರಾರ್ಥನೆ ಹೇಳಲು ಬರಿಗಾಲಲ್ಲಿ ನಿಂತ ಮಗುವಿನ ಮೈಯೂ ಆಗಬಹುದು. ಹಣ ಉಳಿಸಲು ಹೋಗುವ ಸಮಿತಿಯವರು ಯೋಚಿಸಬೇಕಾದ ಮೊದಲ ಸಂಗತಿ ಇದು. ಗುಂಯ್ ಸದ್ದಿಗೆ ಮದ್ದು ಅರ್ತಿಂಗ್ ಕೀಳುವುದಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಕೊಡುವುದು, ತಂತಿಗಳನ್ನು ದೂರ ದೂರ ಒಯ್ಯುವುದು, ಅಗತ್ಯವಿದ್ದಲ್ಲಿ ಧ್ವನಿಯ ದಾರಿಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕುವುದು.

ಎರಡನೆಯದು ಚಿತ್ರದ ಪಾಡು. ಪ್ರೊಜೆಕ್ಟರು ಎಷ್ಟು ದೂರದಲ್ಲಿರಬೇಕು ಎಂಬುದು ಐದನೇ ತರಗತಿಯ ಗುಣಾಕಾರ. ಪ್ರತಿ ಪ್ರೊಜೆಕ್ಟರಿಗೂ ಒಂದು ಅನುಪಾತವನ್ನು ತಯಾರಕರು ಬರೆದಿರುತ್ತಾರೆ. ಅದು ಒಂದೂವರೆ ಎಂದಿದ್ದರೆ, ಆರಡಿ ಅಗಲದ ಚಿತ್ರಕ್ಕೆ ಒಂಬತ್ತಡಿ ದೂರ ಬೇಕು. ಇಷ್ಟು ಲೆಕ್ಕ ಹಾಕದೆ ಕೊಕ್ಕೆ ಸಿಕ್ಕ ಕಡೆ ನೇತುಹಾಕಿ, ಚಿತ್ರ ದೊಡ್ಡದಾಯಿತೆಂದು ಅಂಚು ಕತ್ತರಿಸಿ, ಓರೆಯಾಯಿತೆಂದು ಯಂತ್ರದ ಗುಂಡಿ ಒತ್ತಿ ಎಳೆದು ಸರಿಮಾಡಿದರೆ ಕೊನೆಯ ಬೆಂಚಿನವನಿಗೆ ಅಕ್ಷರಗಳು ಮಸುಕು. ಪಕ್ಕದಲ್ಲೇ ಫ್ಯಾನು ಇದ್ದರೆ ಇನ್ನೊಂದು ಚಂದ: ಫ್ಯಾನು ತಿರುಗಿದಷ್ಟು ಹೊತ್ತೂ ಭಾರತದ ಭೂಪಟ ನಡುಗುತ್ತಿರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಸೆಕೆ ತಡೆಯಬೇಕು, ಇಲ್ಲವೆ ಭೂಕಂಪ ನೋಡಬೇಕು.

ಇನ್ನು ತೂಕದ ಮಾತು. ಪ್ರೊಜೆಕ್ಟರನ್ನು ಕಾಂಕ್ರೀಟಿನ ಛಾವಣಿಗೆ ಲೋಹದ ಆಂಕರ್ ಬೋಲ್ಟ್ ಹಾಕಿ ಬಿಗಿಯಬೇಕು. ಹೊರಗಿನ ಗಾರೆಗೆ ಪ್ಲಾಸ್ಟಿಕ್ ಪ್ಲಗ್ ತುರುಕಿ ತಿರುಪು ಹಾಕಿದರೆ, ಅಥವಾ ತೆಳು ಹಲಗೆಯ ಫಾಲ್ಸ್ ಸೀಲಿಂಗಿಗೇ ಕಟ್ಟಿದರೆ, ಅದು ನಿಂತಷ್ಟು ದಿನ ನಿಲ್ಲುತ್ತದೆ. ಕೆಳಗೆ ಕೂತಿರುವವರು ಯಾರೆಂದು ಪ್ರತ್ಯೇಕ ಹೇಳಬೇಕಿಲ್ಲ.

ಸಾಮಾನಿನಲ್ಲೂ ಮೋಸಕ್ಕೆ ಜಾಗವಿದೆ. ನೆಟ್‌ವರ್ಕ್ ಕೇಬಲ್ಲಿನೊಳಗೆ ಶುದ್ಧ ತಾಮ್ರದ ತಂತಿಯ ಬದಲು ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ತಂತಿ ಇರುವ ಮಾಲು ಅಗ್ಗಕ್ಕೆ ಸಿಗುತ್ತದೆ. ಹೊರಗೆ ಬಣ್ಣ ಒಂದೇ, ಅಚ್ಚೂ ಒಂದೇ. ಬಲ್ಲವನು ಬ್ಲೇಡಿನಿಂದ ತಂತಿಯನ್ನು ಒಂದು ಸಲ ಕೆರೆದು ನೋಡುತ್ತಾನೆ. ಒಳಗೆ ಬೆಳ್ಳಗೆ ಕಂಡರೆ ಸುರುಳಿಯನ್ನು ವಾಪಸು ಕೊಡುತ್ತಾನೆ. ಹಾಗೆಯೇ ಮಾಮೂಲಿ ಎಚ್‌ಡಿಎಂಐ ಕೇಬಲ್ಲು ಹತ್ತು-ಹದಿನೈದು ಮೀಟರು ದಾಟಿದರೆ ಕೈಕೊಡುವುದುಂಟು; ಚಿತ್ರ ಬರುತ್ತದೆ, ಹೋಗುತ್ತದೆ. ದೊಡ್ಡ ಸಭಾಂಗಣವಾದರೆ ಎರಡು ತುದಿಗೂ ಪುಟ್ಟ ಪೆಟ್ಟಿಗೆಯಿಟ್ಟು ನಡುವೆ ನೆಟ್‌ವರ್ಕ್ ಕೇಬಲ್ಲು ಎಳೆಯುವ ವಿಧಾನವಿದೆ, ನೂರು ಮೀಟರಿನವರೆಗೂ ನಡೆಯುತ್ತದೆ. ಗೋಡೆಯೊಳಗೆ ಮುಚ್ಚಿ ಸುಣ್ಣ ಬಳಿದ ಮೇಲೆ ಈ ಜ್ಞಾನೋದಯವಾದರೆ ಪ್ರಯೋಜನವೇನು?

ಕೈಗಳು ಬಂದ ದಾರಿ

ಹಾಗೆ ನೋಡಿದರೆ ಬೆಂಗಳೂರಿನಲ್ಲಿ ಇಂಥ ಕೈಗಳಿಗೆ ಬರವಿರಬಾರದಿತ್ತು. 1948ರಲ್ಲಿ ದೂರವಾಣಿ ಉಪಕರಣಗಳ ಐ.ಟಿ.ಐ. ಕಾರ್ಖಾನೆ, 1954ರಲ್ಲಿ ಬಿ.ಇ.ಎಲ್. ಬಂದ ಮೇಲೆ ಬೆಸುಗೆ ಹಾಕುವುದು, ತಂತಿ ಹೆಣೆಯುವುದು, ನಕ್ಷೆ ನೋಡಿ ಜೋಡಿಸುವುದು ಈ ಊರಿನ ಸಾವಿರಾರು ಮಂದಿಗೆ ದಿನಗೂಲಿಯಲ್ಲ, ನೌಕರಿಯೇ ಆಗಿತ್ತು. (ಈ ಊರಿನಲ್ಲಿ ಐ.ಟಿ.ಐ. ಎಂದರೆ ಕಾರ್ಖಾನೆಯೋ ಕೈಗಾರಿಕಾ ತರಬೇತಿ ಸಂಸ್ಥೆಯೋ ಎಂದು ಬಿಡಿಸಿ ಕೇಳಬೇಕು.) ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು ಮುಂಬಯಿಗೆ ಹೋದರು, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಗೋವಿಂದ ನಿಹಲಾನಿ ಕೂಡ 1962ರಲ್ಲಿ ಅಲ್ಲಿಂದಲೇ ಹೊರಬಿದ್ದವರು. ಆ ಶಿಕ್ಷಣ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ನಡೆಯುತ್ತಿದೆ. ಧ್ವನಿಗ್ರಹಣಕ್ಕೂ ಅಲ್ಲಿ ಡಿಪ್ಲೊಮಾ ಇದೆ.

ಇದು ಓದಿ ಬಂದವರ ಸಾಲು. ಓದದೆ ಕಲಿತವರದು ಇನ್ನೊಂದು ಸಾಲು. ರೇಡಿಯೊ ರಿಪೇರಿಯವರು, ಊರೂರಿನ ಮೈಕ್‌ಸೆಟ್ಟಿನವರು, 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೀವಿ ಬಂದಾಗ ಬೀದಿಗೊಬ್ಬರಂತೆ ಹುಟ್ಟಿಕೊಂಡ ಟೀವಿ ಮೆಕ್ಯಾನಿಕ್ಕುಗಳು, ತೊಂಬತ್ತರ ದಶಕದಲ್ಲಿ ಮರದಿಂದ ಮರಕ್ಕೆ ಕೇಬಲ್ಲು ಎಳೆದ ಹುಡುಗರು. ಟೀವಿ ತೆಳ್ಳಗಾಗಿ, ರಿಪೇರಿ ಹೋಗಿ ‘ಬೋರ್ಡ್ ಬದಲಾಯಿಸಿ’ ಎಂದಾದಾಗ ರಿಪೇರಿಯವರ ಬೆಂಚು ಖಾಲಿಯಾಯಿತು. ಕೇಬಲ್ಲು ಎಳೆಯುವವರು ಡಿಶ್ಶಿಗೆ, ಅಲ್ಲಿಂದ ಸಿಸಿಟಿವಿಗೆ ಸರಿದರು. ಪ್ರತಿ ಸಲವೂ ಹಳೆಯ ಕೆಲಸದ ಅರ್ಧ ವಿದ್ಯೆ ಹೊಸ ಕೆಲಸಕ್ಕೆ ಬಂತು, ಉಳಿದರ್ಧವನ್ನು ಗಿರಾಕಿಯ ಗೋಡೆಯ ಮೇಲೆ ಕಲಿತರು. ಇವರಿಗೆ ಕಲಿಸುವವರು ಯಾರೂ ಇರಲಿಲ್ಲ ಎಂಬುದನ್ನು ಮರೆತು ಇವರನ್ನು ಬೈಯುವುದು ನ್ಯಾಯವಲ್ಲ.

ಪುರಭವನ 1935ರಲ್ಲಿ ತೆರೆದದ್ದು. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ ಅದರ ನೆರೆಯಲ್ಲೇ ಇದೆ. ನಾಟಕ, ಸಂಗೀತದ ತಂಡಗಳೊಡನೆ ಬಂದು ಮೈಕು ಇಡುತ್ತ, ದೀಪ ಕಟ್ಟುತ್ತ ಬೆಳೆದವರಲ್ಲಿ ಕಿವಿ ಪಳಗಿದವರಿದ್ದಾರೆ. ಇಲ್ಲಿ ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಎಷ್ಟು ಹೊತ್ತು ಉಳಿಯುತ್ತದೆಂದು ಅವರಿಗೆ ಮೀಟರಿಲ್ಲದೆ ಗೊತ್ತಾಗುತ್ತದೆ. ತರಗತಿಯ ಕೋಣೆಯಲ್ಲಿ ಸದ್ದು ಅಡಗಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಸುಮಾರು 0.6 ಸೆಕೆಂಡು, ಮೀರಬಾರದೆಂದು ಅಮೆರಿಕದ ಮಾನದಂಡವೊಂದು ಹೇಳುತ್ತದೆ. ಕಾಂಕ್ರೀಟು ಗೋಡೆ, ಗ್ರಾನೈಟು ನೆಲದ ನಮ್ಮ ಹೊಸ ಶಾಲೆಗಳಲ್ಲಿ ಸದ್ದು ಅದಕ್ಕಿಂತ ಬಹಳ ಹೊತ್ತು ಅಲೆಯುತ್ತದೆ. ಅಂಥ ಕೋಣೆಗೆ ದೊಡ್ಡ ಸ್ಪೀಕರು ಹಾಕಿದಷ್ಟೂ ಮಾತು ಕಲಸುಮೇಲೋಗರ. ಪಳಗಿದವನು ಅಲ್ಲಿ ಸಣ್ಣ ಸ್ಪೀಕರುಗಳನ್ನು ನಾಲ್ಕು ಕಡೆ ಹಂಚಿ, ದನಿ ತಗ್ಗಿಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಹಾಕಿಸಿ ಎನ್ನುತ್ತಾನೆ. ಅಂಗಡಿಯವರಿಗೆ ಈ ಸಲಹೆ ಹಿಡಿಸದಿದ್ದರೆ ತಪ್ಪಲ್ಲ, ಅವರಿಗೆ ದೊಡ್ಡ ಸ್ಪೀಕರಿನಲ್ಲೇ ಲಾಭ.

ಒಳ್ಳೆಯವನ ಗುರುತು

ನಂಬಿಕಸ್ಥನನ್ನು ಕಂಡುಹಿಡಿಯುವುದು ಹೇಗೆ? ಪ್ರಮಾಣಪತ್ರ ಕೇಳಬಹುದು, ಅದು ಎಲ್ಲರಲ್ಲೂ ಇರುವುದಿಲ್ಲ. ಹಿಂದೆ ಮಾಡಿದ ಕೆಲಸದ ವಿಳಾಸ ಕೇಳಿ, ಅಲ್ಲಿಗೆ ಹೋಗಿ ನೋಡುವುದು ಮೇಲು. ಅದೂ ಮಾಡಿ ಒಂದು ವರ್ಷವಾದರೂ ಆದ ಕೆಲಸ. ಅಲ್ಲಿ ಆಂಪ್ಲಿಫೈಯರ್ ಇಟ್ಟ ಬೀರುವಿನ ಹಿಂದೆ ಇಣುಕಬೇಕು. ಮುಂದೆ ಎಲ್ಲರೂ ಚೆಂದ ಮಾಡುತ್ತಾರೆ, ಹಿಂದೆ ಮಾಡುವವನೇ ಕೆಲಸಗಾರ. ತಂತಿಗಳಿಗೆ ಎರಡು ತುದಿಯಲ್ಲೂ ಒಂದೇ ಸಂಖ್ಯೆಯ ಚೀಟಿ ಅಂಟಿಸಿದ್ದಾನೆಯೇ? ಮುಂದೆ ಬಿಚ್ಚಿ ಕಟ್ಟಬೇಕಾದೀತೆಂದು ಒಂದು ಸುತ್ತು ತಂತಿ ಹೆಚ್ಚಿಗೆ ಬಿಟ್ಟಿದ್ದಾನೆಯೇ? ಕಬ್ಬಿಣದ ಪೆಟ್ಟಿಗೆಗೆ ಕೊರೆದ ತೂತಿನಲ್ಲಿ ತಂತಿಯ ಸಿಪ್ಪೆ ಹರಿಯದಂತೆ ರಬ್ಬರಿನ ಬಳೆ ಹಾಕಿದ್ದಾನೆಯೇ? ಈ ಮೂರು ಇದ್ದರೆ ಮನುಷ್ಯನಿಗೆ ತನ್ನ ಕೆಲಸ ತಾನು ಹೋದ ಮೇಲೂ ಇರುತ್ತದೆಂಬ ಪ್ರಜ್ಞೆ ಇದೆ ಎಂದರ್ಥ.

ಕೋಣೆ ನೋಡಲು ಬಂದಾಗ ಆತ ಏನು ಮಾಡುತ್ತಾನೆಂಬುದನ್ನೂ ಗಮನಿಸಬೇಕು. ಬಂದವನೇ ರೇಟು ಹೇಳುವವನನ್ನು ಕಾಫಿ ಕೊಟ್ಟು ಕಳಿಸುವುದು ಕ್ಷೇಮ. ಒಳ್ಳೆಯವನು ಮೊದಲು ಕೇಳುತ್ತಾನೆ: ಎಷ್ಟು ಮಂದಿ ಕೂರುತ್ತಾರೆ, ಕಿಟಕಿ ಯಾವ ದಿಕ್ಕಿಗೆ, ಮಧ್ಯಾಹ್ನ ಬಿಸಿಲು ಪರದೆಗೆ ಬೀಳುತ್ತದೆಯೇ, ಮಳೆಗಾಲದಲ್ಲಿ ಈ ಗೋಡೆ ಜಿನುಗುತ್ತದೆಯೇ, ಯಂತ್ರವನ್ನು ದಿನವೂ ಹಾಕಿ ಆರಿಸುವವರು ಯಾರು. ಆಮೇಲೆ ಚೀಲದಿಂದ ಅಳತೆ ಟೇಪು ತೆಗೆಯುತ್ತಾನೆ, ಮೀಟರು ತೆಗೆದು ಪ್ಲಗ್ಗಿನ ಅರ್ತಿಂಗು ನೋಡುತ್ತಾನೆ. ಹಾಳೆಯ ಮೇಲೆ ಕೋಣೆಯ ಚಿತ್ರ ಬರೆಯುತ್ತಾನೆ. ವಿದ್ಯುತ್ತಿನ ಹೊಸ ಲೈನು ಬೇಕೆಂದರೆ ‘ಅದಕ್ಕೆ ಲೈಸೆನ್ಸ್ ಇರೋ ವೈರ್‌ಮನ್ ಕರೆಸಿ, ನಾನು ಮುಟ್ಟಲ್ಲ’ ಎನ್ನುವವನು ಸಿಕ್ಕರೆ ಪುಣ್ಯ. ತನಗೆ ಬಾರದ್ದನ್ನು ಬಾರದೆನ್ನುವವನ ಉಳಿದ ಮಾತನ್ನು ನಂಬಬಹುದು.

ಕೈಚಳಕದ ಸಣ್ಣ ಸಂಗತಿಗಳೂ ಉಂಟು. ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ತಂತಿ ಅದಲುಬದಲಾಗಿದ್ದರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಬಲದ ಗುಂಪು ಮಾಯವಾಗಿ ಹಾಡು ತಗಡಿನಂತೆ ಕೇಳುತ್ತದೆ. ಹಳಬರು ಇದಕ್ಕೆ ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ ಇಟ್ಟುಕೊಂಡಿರುತ್ತಾರೆ. ತಂತಿಯ ಎರಡು ತುದಿಗೆ ಕ್ಷಣಕಾಲ ಮುಟ್ಟಿಸಿ ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಬಂತೋ ಹಿಂದಕ್ಕೆ ಹೋಯಿತೋ ನೋಡುತ್ತಾರೆ, ಅಷ್ಟೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯ ಹಳೆಯ ಸ್ಪೀಕರಿನಲ್ಲಿ ಮಾಡಿ ನೋಡಬಹುದಾದ ಪ್ರಯೋಗವಿದು. ಪುಸ್ತಕದ ವಿದ್ಯುತ್ಕಾಂತತ್ವ ಅಲ್ಲಿ ಕಣ್ಣೆದುರು ಕುಣಿಯುತ್ತದೆ.

ಕೂಲಿಯ ಮಾತು

ನಂಬಿಕೆ ಒಂದು ಕಡೆಯದಲ್ಲ. ಕೆಲಸಗಾರರ ಕಡೆಯಿಂದ ಕೇಳಿದರೆ ಕತೆ ಬೇರೆ. ಅನುದಾನದ ಹಣ ಮಾರ್ಚ್ 31ರೊಳಗೆ ಮುಗಿಯಬೇಕೆಂದು ಎಲ್ಲ ಕಡೆಯಿಂದಲೂ ಒಟ್ಟಿಗೇ ಕರೆ ಬರುತ್ತದೆ. ಆಗ ಗಾರೆ ಒಣಗದ ಗೋಡೆಯಲ್ಲೂ ತೂತು ಕೊರೆಯಬೇಕು, ರಾತ್ರಿಯೆಲ್ಲ ದುಡಿಯಬೇಕು. ಏಪ್ರಿಲ್, ಮೇ ಮದುವೆಗಳ ಕಾಲ, ಆಮೇಲೆ ಗಣೇಶ, ನವೆಂಬರಿನಲ್ಲಿ ರಾಜ್ಯೋತ್ಸವ. ಒಳ್ಳೆಯ ಕೈಗಳು ಸೌಂಡ್ ಸರ್ವಿಸಿನವರ ಬಳಿ ಇರುತ್ತವೆ. ನಡುವಿನ ತಿಂಗಳುಗಳಲ್ಲಿ ಕೆಲಸವಿಲ್ಲ. ಮಾಡಿದ ಕೆಲಸದ ದುಡ್ಡು ‘ಬಿಲ್ ಪಾಸ್ ಆಗಲಿ’ ಎಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ದೊಡ್ಡ ಕಂಪೆನಿಯವರು ಕೆಲಸ ಹಿಡಿದು ಸಣ್ಣವರಿಗೆ, ಸಣ್ಣವರು ಇನ್ನೂ ಸಣ್ಣವರಿಗೆ ಕೊಟ್ಟು, ಕೊನೆಗೆ ಏಣಿ ಹತ್ತುವವನ ಕೈಗೆ ಬರುವುದು ಸೋಸಿ ಉಳಿದದ್ದು. ಹೀಗಿರುವಾಗ ಅರ್ಧ ಕೆಲಸಕ್ಕೆ ಬೇರೆ ಕರೆ ಬಂದರೆ ಹುಡುಗ ಫೋನು ಆರಿಸಿ ಹೋದನೆಂದು ದೂರುವವರು ಅವನ ಹಳೆಯ ಬಾಕಿ ಎಲ್ಲೆಲ್ಲಿದೆ ಎಂದು ಕೇಳುವುದಿಲ್ಲ. ಮುಂಗಡ ಇಷ್ಟು, ತಂತಿ ಎಳೆದಾಗ ಇಷ್ಟು, ಪರೀಕ್ಷಿಸಿ ಒಪ್ಪಿಸಿದ ದಿನ ಉಳಿದದ್ದು ಎಂದು ಕಾಗದದಲ್ಲಿ ಬರೆದುಕೊಂಡ ಕಡೆ ಕೆಲಸ ನಡುವೆ ನಿಲ್ಲುವುದು ಕಡಿಮೆ. ಯಂತ್ರಕ್ಕೆ ಲಕ್ಷ ಸುರಿದು ಕೂಲಿಯಲ್ಲಿ ಐನೂರಕ್ಕೆ ಚೌಕಾಸಿ ಮಾಡುವ ಸಮಿತಿಗಳು ನಮ್ಮಲ್ಲಿ ಅಪರೂಪವಲ್ಲ.

ಮನೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ. ‘ಸರಿಯಾಗಿ ಓದದಿದ್ರೆ ವೈರ್ ಎಳೆಯೋಕೆ ಹೋಗ್ತೀಯ ನೋಡು’ ಎಂದು ಅಪ್ಪ ಮಗನಿಗೆ ಗದರುತ್ತಾರೆ. ಅದೇ ಅಪ್ಪ ಭಾನುವಾರ ವೈರ್ ಎಳೆಯುವವನು ಸಿಗದೆ ನಾಲ್ಕು ಕಡೆ ಫೋನು ಮಾಡುತ್ತಾರೆ. ಈ ಕೆಲಸಕ್ಕೆ ಓದು ಬೇಕು, ಅದೂ ಸಾಕಷ್ಟು ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮೊದಲಾದ ಎರಡು ವರ್ಷದ ತರಬೇತಿಗಳಿವೆ. ರಾಜ್ಯದ 150 ಸರ್ಕಾರಿ ಸಂಸ್ಥೆಗಳಿಗೆ ಹೊಸ ಯಂತ್ರಗಳನ್ನು ತಂದು ಮೇಲ್ದರ್ಜೆಗೇರಿಸಿದ್ದನ್ನು 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ಅಲ್ಲಿ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ಅವಕಾಶವೂ ಇದೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಪಡೆದು ಕಲಿಯಬಹುದು. ಕಟ್ಟಡದ ವಿದ್ಯುತ್ ಕೆಲಸ ಮಾಡಲು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರವಾನಗಿ ಇದ್ದರೆ ಬೆಲೆ ಹೆಚ್ಚು.

ಧ್ವನಿ ಮತ್ತು ದೃಶ್ಯ ಎರಡನ್ನೂ ಸೇರಿಸಿ ಕೂರಿಸುವ ವಿದ್ಯೆಗೇ ಮೀಸಲಾದ ಪರೀಕ್ಷೆ ಎಂದರೆ ಅವಿಕ್ಸಾ ಎಂಬ ಅಂತರರಾಷ್ಟ್ರೀಯ ಸಂಘ ನಡೆಸುವ ಸಿ.ಟಿ.ಎಸ್. ಸಂಘ ಅಮೆರಿಕದಲ್ಲಿ 1939ರಲ್ಲಿ ಹುಟ್ಟಿದ್ದು. ಈಗಿನ ಹೆಸರು 2017ರದು. ಕೂರಿಸುವವರಿಗೆ, ವಿನ್ಯಾಸ ಮಾಡುವವರಿಗೆ ಪ್ರತ್ಯೇಕ ಮೇಲಿನ ಹಂತಗಳಿವೆ. ಒಮ್ಮೆ ಪಾಸಾದರೆ ಸಾಲದು, ಮೂರು ವರ್ಷಕ್ಕೊಮ್ಮೆ ಹೊಸದನ್ನು ಕಲಿತು ನವೀಕರಿಸಿಕೊಳ್ಳಬೇಕು. ಅದೇ ಸಂಘದ ಬಳಗದ ಇನ್ಫೋಕಾಂ ಇಂಡಿಯಾ ಪ್ರದರ್ಶನ 2013ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಬೆಂಗಳೂರಿನ ದೊಡ್ಡ ಕಚೇರಿಗಳ ಸಭಾಕೊಠಡಿ ಕೆಲಸಕ್ಕೆ ಈ ಪ್ರಮಾಣಪತ್ರ ಇದ್ದವರಿಗೆ ಬೇಡಿಕೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಶುಲ್ಕ ಡಾಲರಿನಲ್ಲಿ ಎಂಬುದೇ ಎಸ್.ಪಿ. ರೋಡಿನ ಹುಡುಗನಿಗೂ ಅದಕ್ಕೂ ನಡುವಿನ ದೂರ. ಇದೇ ವಿದ್ಯೆಯನ್ನು ಕನ್ನಡದಲ್ಲಿ, ಆರು ತಿಂಗಳ ಸಂಜೆ ತರಗತಿಯಲ್ಲಿ, ನಮ್ಮದೇ ಪಾಲಿಟೆಕ್ನಿಕ್ಕುಗಳು ಕಲಿಸಬಾರದೇಕೆ? ಕಟ್ಟಡ ಇದೆ, ಬೆಂಚು ಇದೆ, ಮೀಟರು ಇದೆ, ಸಂಜೆ ಆರರ ಮೇಲೆ ಎಲ್ಲವೂ ಬೀಗ ಹಾಕಿಕೊಂಡಿರುತ್ತವೆ.

ಕೆಲಸ ಒಪ್ಪಿಸಿಕೊಳ್ಳುವ ದಿನ ಶಾಲೆಯವರು ಹೂವಿನ ಹಾರಕ್ಕಿಂತ ಮುಂಚೆ ಸಿದ್ಧಮಾಡಿಕೊಳ್ಳಬೇಕಾದ್ದು ಸ್ವಲ್ಪ ಪುರುಸೊತ್ತು. ಫ್ಯಾನು, ದೀಪ ಎಲ್ಲ ಹಾಕಿ, ಕೊನೆಯ ಬೆಂಚಿನಲ್ಲಿ ಅತಿ ಗಿಡ್ಡ ಮಗುವನ್ನು ಕೂರಿಸಿ, ಪರದೆಯ ಕೆಳಸಾಲು ಓದಿಸಬೇಕು. ಮೈಕು ಹಿಡಿದು ಕೋಣೆಯ ನಾಲ್ಕೂ ಮೂಲೆಗೆ ನಡೆದು ಎಲ್ಲಿ ಕೀರಲು ಸದ್ದು ಬರುತ್ತದೆಂದು ನೋಡಬೇಕು. ಕರೆಂಟು ತೆಗೆದು ಮತ್ತೆ ಕೊಟ್ಟು, ಎಲ್ಲವೂ ತಾನಾಗಿ ಎದ್ದು ನಿಲ್ಲುತ್ತದೆಯೇ ಪರೀಕ್ಷಿಸಬೇಕು. ಯಂತ್ರ ಹಾಕುವ, ಆರಿಸುವ ಕ್ರಮವನ್ನು ಒಬ್ಬ ಮೇಷ್ಟ್ರಿಗಲ್ಲ, ಇಬ್ಬರಿಗೆ ಮತ್ತು ಒಂಬತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಕಲಿಸಿಕೊಡುವಂತೆ ಕೇಳಬೇಕು, ಮೇಷ್ಟ್ರಿಗೆ ವರ್ಗವಾಗುತ್ತದೆ. ಕೊನೆಗೆ ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆಯೆಂಬ ನಕ್ಷೆಯನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿ, ಅದರ ಕೆಳಗೆ ಕೂರಿಸಿದವನ ಹೆಸರು, ತಾರೀಕು, ಫೋನ್ ನಂಬರನ್ನು ಅವನ ಕೈಯಲ್ಲೇ ಬರೆಸಿಕೊಳ್ಳಬೇಕು.